ನ್ಯೂಯಾರ್ಕ್ ನಗರದ ಡೆಮಾಕ್ರಟಿಕ್ ಕೋಟೆ: ಮತದಾರ ಪಕ್ಷ ಬದಲಿಸಿದನೇ, ಮನೆಯಲ್ಲೇ ಉಳಿದನೇ?

ಪ್ರಶ್ನೆ: ಕ್ವೀನ್ಸ್ ಕನ್ನಡಿಗ

ನ್ಯೂಯಾರ್ಕ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕರೆ ಗೆದ್ದಂತೆಯೇ ಎಂಬ ಮಾತನ್ನು ಇಲ್ಲಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಆದರೆ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ನಗರದೊಳಗೆ ಟ್ರಂಪ್ ಅವರ ಪಾಲು 2016ರಲ್ಲಿ ಶೇ 18ರ ಆಸುಪಾಸಿನಲ್ಲಿದ್ದದ್ದು 2020ರಲ್ಲಿ ಶೇ 23ಕ್ಕೆ, 2024ರಲ್ಲಿ ಶೇ 30ಕ್ಕೆ ಏರಿತು. ಲ್ಯಾಟಿನೋ ಮತ್ತು ಕಪ್ಪು ಸಮುದಾಯದ ದುಡಿಯುವ ಜನರೇ ಹೆಚ್ಚಾಗಿರುವ, ನಗರದ ಐದು ವಿಭಾಗಗಳಲ್ಲಿ ಒಂದಾದ ಬ್ರಾಂಕ್ಸ್‌ನಲ್ಲಿ ಅದು ನಾಲ್ಕೇ ವರ್ಷಗಳಲ್ಲಿ ಶೇ 16ರಿಂದ 27ಕ್ಕೆ ಜಿಗಿಯಿತು. ಮರುವರ್ಷ ನವೆಂಬರ್‌ನಲ್ಲಿ ಇದೇ ಮತದಾರರು ತಮ್ಮನ್ನು ಸಮಾಜವಾದಿ ಎಂದು ಕರೆದುಕೊಳ್ಳುವ ಜೊಹ್ರಾನ್ ಮಮ್ದಾನಿ ಅವರನ್ನು ಮೇಯರ್ ಆಗಿ ಆರಿಸಿದರು. ನಗರ ವಾಲಿದ್ದು ಬಲಕ್ಕೋ, ಎಡಕ್ಕೋ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಲೆಕ್ಕಿಗ

ಶೇಕಡಾವಾರು ಲೆಕ್ಕವನ್ನಷ್ಟೇ ನೋಡಿದರೆ ದಾರಿ ತಪ್ಪುತ್ತದೆ; ಬಿದ್ದ ಮತಗಳನ್ನೇ ಎಣಿಸಿ ನೋಡಿ. 2020ರಲ್ಲಿ ಬೈಡನ್ ಅವರಿಗೆ ನಗರದಲ್ಲಿ ಸುಮಾರು 23 ಲಕ್ಷ ಮತಗಳು ಬಿದ್ದಿದ್ದವು. ಕಮಲಾ ಹ್ಯಾರಿಸ್ ಅವರ ವೇಳೆಗೆ ಅದರಲ್ಲಿ 4 ಲಕ್ಷದಷ್ಟು ಕರಗಿತ್ತು, ಆದರೆ ಟ್ರಂಪ್ ಹೆಚ್ಚುವರಿಯಾಗಿ ಗಳಿಸಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ನೀವು ಹೇಳಿದ ಬ್ರಾಂಕ್ಸ್‌ನಲ್ಲಿಯೂ ಡೆಮಾಕ್ರಟರು ಕಳೆದುಕೊಂಡದ್ದು ಸುಮಾರು 90 ಸಾವಿರ, ಟ್ರಂಪ್‌ಗೆ ಕೂಡಿಕೊಂಡದ್ದು ಸುಮಾರು 30 ಸಾವಿರ. ಅಂದರೆ ಪಕ್ಷಾಂತರ ಮಾಡಿದವರಿಗಿಂತ ಮತಗಟ್ಟೆಯ ಕಡೆಗೆ ಸುಳಿಯದವರೇ ಹೆಚ್ಚಿರಬೇಕು. ಎದುರಾಳಿ ಪಕ್ಷ ಲೆಕ್ಕಕ್ಕೇ ಇಲ್ಲದ ಊರಿನಲ್ಲಿ ಆಳುವ ಪಕ್ಷದ ಮೇಲಿನ ಮುನಿಸು ಮೊದಲು ಗೈರುಹಾಜರಿಯಾಗಿಯೇ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಬ್ರೂಕ್ಲಿನ್ ಬಾಡಿಗೆದಾರ

ಲೆಕ್ಕಿಗರ ಮಾತು ಬ್ರಾಂಕ್ಸ್‌ಗೆ ಹೊಂದಬಹುದು, ದಕ್ಷಿಣ ಬ್ರೂಕ್ಲಿನ್‌ಗೆ ಹೊಂದುವುದಿಲ್ಲ. ಇಲ್ಲಿನ ಚೀನೀ ಬಡಾವಣೆಗಳಲ್ಲಿ ಜನ ನಿಜಕ್ಕೂ ಮತ ಬದಲಿಸಿದರು, ಅದೂ ಟ್ರಂಪ್ ಅಲೆಗೆ ಮೊದಲೇ. 1980ರ ದಶಕದಿಂದ ರಾಜ್ಯ ಅಸೆಂಬ್ಲಿಯಲ್ಲಿ ಕುಳಿತಿದ್ದ ಡೆಮಾಕ್ರಟ್ ಪೀಟರ್ ಅಬ್ಬಾಟೆ 2022ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲೆಸ್ಟರ್ ಚಾಂಗ್ ಅವರಿಗೆ ಸೋತರು. ಅದರ ಹಿಂದೆ ಬೀದಿ ಸುರಕ್ಷತೆಯ ಭಯವಿತ್ತು. ಜೊತೆಗೆ, ಸ್ಟೈವೆಸೆಂಟ್‌ನಂತಹ ಸರ್ಕಾರಿ ಪ್ರೌಢಶಾಲೆಗಳ ಪ್ರವೇಶ ಪರೀಕ್ಷೆಯನ್ನೇ ಕೈಬಿಡಬೇಕೆಂದು 2018ರಲ್ಲಿ ಅಂದಿನ ಮೇಯರ್ ಡಿ ಬ್ಲಾಸಿಯೊ ಮುಂದಿಟ್ಟ ಪ್ರಸ್ತಾವದ ಕಹಿಯೂ ಇತ್ತು. ಮಕ್ಕಳನ್ನು ಆ ಒಂದು ಪರೀಕ್ಷೆಗಾಗಿ ವರ್ಷಗಟ್ಟಲೆ ಟ್ಯೂಷನ್‌ಗೆ ಕಳುಹಿಸಿದ ಪೋಷಕರಿಗೆ ಅದು ಹೇಗೆ ಕೇಳಿಸಿರಬಹುದು ಎಂಬುದನ್ನು ಸಿಇಟಿ, ನೀಟ್ ಕಂಡ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ: ಕ್ವೀನ್ಸ್ ಕನ್ನಡಿಗ

ಇಬ್ಬರಿಗೂ ಧನ್ಯವಾದಗಳು. ಆದರೆ ಮಮ್ದಾನಿ ಅವರ ಗೆಲುವು ಈ ಚಿತ್ರದಲ್ಲಿ ಎಲ್ಲಿ ಕೂರುತ್ತದೆ?

ಉತ್ತರ: ಲೆಕ್ಕಿಗ

2024ರ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಅವರು ಮೈಕ್ ಹಿಡಿದು ಬ್ರಾಂಕ್ಸ್‌ನ ಫೋರ್ಡಮ್ ರಸ್ತೆ ಹಾಗೂ ನಿಮ್ಮ ಕ್ವೀನ್ಸ್‌ನ ಹಿಲ್‌ಸೈಡ್ ಅವೆನ್ಯೂಗಳಲ್ಲಿ ನಿಂತು, ಟ್ರಂಪ್‌ಗೆ ಏಕೆ ಮತ ಹಾಕಿದಿರಿ, ಏಕೆ ಮತವನ್ನೇ ಹಾಕಲಿಲ್ಲ ಎಂದು ದಾರಿಹೋಕರನ್ನು ಕೇಳಿದ್ದರು. ಬಾಡಿಗೆ, ದಿನಸಿಯ ಬೆಲೆ, ಗಾಜಾ ಯುದ್ಧ ಎಂಬ ಉತ್ತರಗಳು ಬಂದವು. ಬಾಡಿಗೆ ಏರಿಕೆಗೆ ತಡೆ, ಉಚಿತ ಬಸ್ ಎಂದು ಅವರು ಪ್ರಚಾರ ಕಟ್ಟಿದ್ದು ಆ ಉತ್ತರಗಳಿಗೆ ಹತ್ತಿರವಾಗಿಯೇ ಇತ್ತು. ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸುವ 2025ರ ಜೂನ್‌ನ ಪ್ರಾಥಮಿಕ ಚುನಾವಣೆಯಲ್ಲಿ ಬ್ರಾಂಕ್ಸ್ ಮಾಜಿ ಗವರ್ನರ್ ಕ್ವೋಮೊ ಅವರ ಕಡೆಗಿತ್ತು, ನವೆಂಬರ್‌ನಲ್ಲಿ ಮಮ್ದಾನಿ ಅವರ ಕಡೆಗೆ ಬಂತು. 2021ರ ಮೇಯರ್ ಚುನಾವಣೆಯಲ್ಲಿ ಸುಮಾರು 11 ಲಕ್ಷ ಜನ ಮತ ಹಾಕಿದ್ದರೆ 2025ರಲ್ಲಿ ಆ ಸಂಖ್ಯೆ 20 ಲಕ್ಷ ದಾಟಿತು. 1969ರ ನಂತರ ಇಷ್ಟು ಮತದಾನ ಆಗಿರಲಿಲ್ಲ. ಆದ್ದರಿಂದ ನಾನು ಎಡ, ಬಲ ಎರಡನ್ನೂ ಹೇಳುವುದಿಲ್ಲ. ಪಕ್ಷದ ಹೆಸರಿಗೆ ಕಣ್ಣು ಮುಚ್ಚಿ ಬೀಳುತ್ತಿದ್ದ ಮತ ಸಡಿಲವಾಗಿದೆ.

ಉತ್ತರ: ಬಸವನಗುಡಿ ಓದುಗ

ಒಂದು ಮಾತು ಸೇರಿಸುತ್ತೇನೆ. ನಮ್ಮ ಬೆಂಗಳೂರು ದಕ್ಷಿಣವನ್ನು 1991ರಿಂದ ಬಿಜೆಪಿ ಬಿಟ್ಟುಕೊಟ್ಟಿಲ್ಲ, ಆದರೆ ಅದೇ ಲೋಕಸಭಾ ಕ್ಷೇತ್ರದೊಳಗಿನ ಬಿಟಿಎಂ ಲೇಔಟ್ ವಿಧಾನಸಭೆಗೆ ಬಾರಿ ಬಾರಿ ಕಾಂಗ್ರೆಸ್‌ನ ರಾಮಲಿಂಗಾ ರೆಡ್ಡಿ ಅವರನ್ನೇ ಕಳುಹಿಸುತ್ತಿದೆ. ನ್ಯೂಯಾರ್ಕ್ ಕೂಡ ಅಧ್ಯಕ್ಷೀಯ ಚುನಾವಣೆಗಳಲ್ಲಿ ಡೆಮಾಕ್ರಟರಿಗೆ ಒಲಿಯುತ್ತಲೇ 1993ರಲ್ಲಿ ಜಿಯುಲಿಯಾನಿ ಅವರನ್ನೂ 2001ರಲ್ಲಿ ಬ್ಲೂಮ್‌ಬರ್ಗ್ ಅವರನ್ನೂ ರಿಪಬ್ಲಿಕನ್ ಮೇಯರ್‌ಗಳಾಗಿ ಆರಿಸಿತ್ತು. ಹಾಗಾಗಿ ಮೇಯರ್ ಚುನಾವಣೆಯನ್ನು ಮೇಯರ್ ಚುನಾವಣೆಯೊಂದಿಗೇ ಹೋಲಿಸಬೇಕು. ಮಮ್ದಾನಿ ಅವರ ಮತಗಳ ಪಕ್ಕದಲ್ಲಿ ಟ್ರಂಪ್ ಅವರ 2024ರ ಮತಗಳನ್ನಿಟ್ಟು ತೀರ್ಪು ಕೊಡುವುದು ಅವಸರವೆನಿಸುತ್ತದೆ.