ಬಕೆಟ್ ಗಾಡಿಯಲ್ಲಿ ನಿಂತರೆ ಶಾಕ್ ಹೊಡೆಯಲ್ವಾ?

ಪ್ರಶ್ನೆ, ತೀರ್ಥಹಳ್ಳಿಯಿಂದ: ತಮ್ಮ ಲೈನ್‌ಮನ್. ಗಾಡಿ ಮೇಲೆತ್ತುವ ಇನ್ಸುಲೇಟೆಡ್ (ಕರೆಂಟ್ ಹರಿಯದ) ಬಕೆಟ್‌ನಲ್ಲಿದ್ದರೆ 11 ಕೆವಿ (11,000 ವೋಲ್ಟ್) ತಂತಿ ಮುಟ್ಟಿದರೂ ಏನೂ ಆಗಲ್ಲ ಅಂತಾನೆ. ಆಗುಂಬೆ ಮಳೆಯಲ್ಲೂ ಹೋಗಬೇಕು, ನನಗೆ ಭಯ. ನಿಜವಾ?

ಉತ್ತರ 1: ಅರ್ಧ ನಿಜ ಅಣ್ಣಾ, ಅದೇ ಅಪಾಯ. ಫೈಬರ್‌ಗ್ಲಾಸ್ ಬೂಮ್ (ಬಕೆಟ್ ಎತ್ತುವ ಉದ್ದ ತೋಳು) ತಡೆಯುವುದು ಗಾಡಿ ಮೂಲಕ ನೆಲಕ್ಕೆ ಇಳಿಯುವ ಕರೆಂಟನ್ನು ಮಾತ್ರ. ಒಂದು ಕೈ ತಂತಿಗೆ, ಇನ್ನೊಂದು ಪಕ್ಕದ ಫೇಸ್ ತಂತಿಗೋ ಕಂಬದ ಕಬ್ಬಿಣಕ್ಕೋ ತಾಗಿದರೆ ಕರೆಂಟ್ ಮೈಯೊಳಗೇ ಹರಿಯುತ್ತದೆ, ಬಕೆಟ್ ಏನೂ ಮಾಡಲಾರದು. ರಬ್ಬರ್ ಗ್ಲೌಸ್ ಬೇಕೇ ಬೇಕು. ಕ್ಲಾಸ್ 2 ಗ್ಲೌಸ್ 17,000 ವೋಲ್ಟ್‌ವರೆಗೆ ಆಗುತ್ತದೆ. ದಿನಾ ಗಾಳಿ ತುಂಬಿ ತೂತು ನೋಡಲಿ.

ಉತ್ತರ 2: ಬೂಮ್ ಮೇಲೆ ನೀರು, ಕೆಸರು ಇದ್ದರೆ ಅದೂ ಕೈಕೊಡುತ್ತದೆ. ಮಳೆಯಲ್ಲಿ ಲೈನ್ ಆಫ್ ಮಾಡಿಸಿ, 11 ಕೆವಿ ಲೈನಿನ ಟೆಸ್ಟರ್ (ಮನೆಯದಲ್ಲ) ಹಿಡಿದು ನೋಡಿ, ಕೆಲಸದ ಜಾಗದ ಎರಡೂ ಕಡೆ ಅರ್ಥ್ ಹಾಕಿದ (ತಂತಿಯನ್ನು ನೆಲಕ್ಕೆ ಜೋಡಿಸಿದ) ಮೇಲೇ ಮುಟ್ಟಲಿ, ಯಾಕಂದ್ರೆ ಯಾರದೋ ತೋಟದ ಮನೆಯ ಜನರೇಟರ್ ಉಲ್ಟಾ ಕರೆಂಟ್ ಕಳಿಸಬಹುದು.

ಉತ್ತರ 3: ಕೆಳಗೆ ನಿಂತವರೂ ಗಾಡಿ ಮುಟ್ಟಬಾರದು, ದಯವಿಟ್ಟು ಹೇಳಿ.