ಇ-ರುಪಾಯಿಗೆ ‘ಗಣಿಗಾರಿಕೆ’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಡಿಜಿಟಲ್ ದುಡ್ಡಿನ ಬಗ್ಗೆ ಒಂದು ಸಣ್ಣ ಕೈಪಿಡಿ ಕನ್ನಡಕ್ಕೆ ತರ್ತಿದೀನಿ, ಒಂದು ಪದದ ಹತ್ರ ಸಿಕ್ಕಾಕೊಂಡಿದೀನಿ. ಬಿಟ್‌ಕಾಯಿನ್ ಪಾಠದಲ್ಲಿ ಮೈನಿಂಗ್‌ಗೆ ‘ಗಣಿಗಾರಿಕೆ’ ಅಂತ ಹಾಕಿದ್ದೆ, ಅದೇ ಕೈಯಲ್ಲಿ ಇ-ರುಪಾಯಿ (ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ರುಪಾಯಿ) ಬಗ್ಗೆ ಇರೋ ಮುಂದಿನ ಪಾಠದಲ್ಲೂ ‘ಇ-ರುಪಾಯಿಯ ಗಣಿಗಾರಿಕೆಯನ್ನು ರಿಸರ್ವ್ ಬ್ಯಾಂಕೇ ಮಾಡುತ್ತದೆ’ ಅಂತ ಬರೆದುಬಿಟ್ಟೆ. ಮಾರನೇ ದಿನ ಓದಿದ್ರೆ ಅರ್ಥನೇ ತಪ್ಪು ಅನ್ನಿಸ್ತು.

ಬಿಟ್‌ಕಾಯಿನ್‌ನಲ್ಲಿ ಮೈನಿಂಗ್‌ಗೆ ಎರಡು ಕೆಲಸ, ಹೊಸ ನಾಣ್ಯ ಹುಟ್ಟಿಸೋದು ಒಂದು, ಯಜಮಾನನೇ ಇಲ್ಲದ ಲೆಕ್ಕದ ಪುಸ್ತಕದಲ್ಲಿ ಮುಂದಿನ ಪುಟ ಯಾರು ಬರೀಬೇಕು ಅಂತ ತೀರ್ಮಾನ ಮಾಡೋದು ಇನ್ನೊಂದು. ಅದಕ್ಕೇ ಅಷ್ಟು ಕರೆಂಟು ಸುಟ್ಟು ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ಅಂದ್ರೆ ಆ ಪುಸ್ತಕದ ಹೊಸ ಪುಟ, ಸೇರಿಸ್ತಾರೆ, 2024ರ ಏಪ್ರಿಲ್‌ನಿಂದ ಬ್ಲಾಕಿಗೆ 3.125 ನಾಣ್ಯ ಸಿಗ್ತಿದೆ, ಒಟ್ಟು 2.1 ಕೋಟಿ ದಾಟೋ ಹಾಗಿಲ್ಲ. 2008ರ ಮೂಲ ಬರಹದಲ್ಲೇ ಚಿನ್ನದ ಗಣಿಯವರ ಹೋಲಿಕೆ ಇದೆ, ಹಾಗಾಗಿ ಅಲ್ಲಿ ‘ಗಣಿ’ ಚೆನ್ನಾಗೇ ಕೂರುತ್ತೆ. ನಮ್ಮ ಸೋದರಮಾವ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚೋ ತನಕ ಕೆಳಗಿಳಿದು ದುಡಿದೋರು, ಅವ್ರಿಗೆ ಎರಡೂ ವಾಕ್ಯ ಓದಿ ಹೇಳ್ದೆ. ‘ಮೊದಲನೇದು ಸರಿ ಕಣೋ, ಎರಡನೇದ್ರಲ್ಲಿ ಅಗೆಯೋದು ಏನಿದೆ, ಬೇಕಾದಾಗ ಅವ್ರೇ ಮಾಡ್ಕೋತಾರಲ್ಲ’ ಅಂದ್ರು.

ಅದೇ ವಿಷಯ. 2022ರ ಡಿಸೆಂಬರ್ 1ಕ್ಕೆ ಬೆಂಗಳೂರೂ ಸೇರಿ ನಾಲ್ಕು ಊರಲ್ಲಿ ಜನರ ಕೈಗೆ ಪ್ರಯೋಗಕ್ಕೆ ಬಂದ ಇ-ರುಪಾಯಿಲಿ ಎಷ್ಟು ಹೊರಗೆ ಬಿಡ್ಬೇಕು, ಯಾವ ಲೆಕ್ಕ ಸರಿ, ಎರಡನ್ನೂ ರಿಸರ್ವ್ ಬ್ಯಾಂಕೇ ಹೇಳುತ್ತೆ. ಮೈನಿಂಗ್‌ಗೆ ಕೆಲಸವೇ ಉಳಿಯಲ್ಲ, ಅಂದ್ಮೇಲೆ ಪದಕ್ಕೂ ಜಾಗ ಇಲ್ಲ.

ಹಾಗಾದ್ರೆ ಯಾವ ಕ್ರಿಯಾಪದ? ‘ಮುದ್ರಿಸು’ ಅಂದ್ರೆ ಮೈಸೂರಿನ ನೋಟಿನ ಪ್ರೆಸ್ಸೇ ಕಣ್ಮುಂದೆ ಬರುತ್ತೆ, ಇಲ್ಲಿ ಕಾಗದವೇ ಇಲ್ಲ. ‘ಹೊರಡಿಸು’ ಅಂದ್ರೆ ಸುತ್ತೋಲೆ ವಾಸನೆ. ನಂಗೆ ಮನಸ್ಸಿರೋದು ‘ಟಂಕಿಸು’ (ನಾಣ್ಯ ಅಚ್ಚು ಹಾಕೋದು) ಮೇಲೆ, ಲೋಹ ಇಲ್ದೆ ಪದಗಳನ್ನೂ ಟಂಕಿಸ್ತೀವಲ್ಲ, ಆ ಮಾತು ಲೋಹ ಬಿಟ್ಟು ಎಷ್ಟೋ ಕಾಲ ಆಯ್ತು. ಜೊತೆಗೆ ಟಂಕಸಾಲೆಗೆ ನಮ್ಮಲ್ಲಿ ‘ಕಮ್ಮಟ’ ಅನ್ನೋ ಹಳೇ ಪದ ಇದೆ, ಈಗ ಕಾವ್ಯ ಕಮ್ಮಟ ಕಥಾ ಕಮ್ಮಟ ಅಂತ ಶಿಬಿರಕ್ಕೆ ಹೋಗಿ ಕೂತಿದೆ, ಅದನ್ನ ದುಡ್ಡಿನ ಕಡೆ ವಾಪಸ್ ಕರ್ಕೊಂಡು ಬರೋಕೆ ನಂಗಂತೂ ತುಂಬಾ ಆಸೆ.

‘ರಿಸರ್ವ್ ಬ್ಯಾಂಕ್ ಇ-ರುಪಾಯಿಯನ್ನು ಟಂಕಿಸುತ್ತದೆ’ ಅಂದ್ರೆ ಬ್ಯಾಂಕ್ ಕೌಂಟರ್ ಮುಂದೆ ನಿಂತೋರಿಗೆ ತಕ್ಷಣ ಅರ್ಥ ಆಗುತ್ತಾ? ನಿಮ್ಮ ಕಡೆ ಬೇರೆ ಪದ ಇದ್ರೆ ದಯವಿಟ್ಟು ತಿಳಿಸಿ.