ದೊಡ್ಡ ಟಿವಿಯಲ್ಲಿ ಎಸ್‌ಡಿ ಚಾನೆಲ್ ಮಸುಕು, ಸಹಾಯ ಬೇಕು
55 ಇಂಚಿನ 4ಕೆ ಟಿವಿ ತಂದಿದ್ದೇವೆ. ಎಚ್‌ಡಿ ಚೆನ್ನಾಗಿದೆ, ಆದರೆ ಅಮ್ಮ ನೋಡುವ ಚಾನೆಲ್‌ಗಳೆಲ್ಲ ಎಸ್‌ಡಿ (ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯವು), ಅವುಗಳಲ್ಲಿ ಮುಖಗಳು ಮೇಣ ಬಳಿದ ಹಾಗೆ ಕಾಣುತ್ತವೆ. 720×576 ಚಿತ್ರವನ್ನು 3840×2160ಕ್ಕೆ ಹಿಗ್ಗಿಸುವಾಗ ಒಂದು ಚುಕ್ಕೆಯ ಜಾಗಕ್ಕೆ 20 ಚುಕ್ಕೆ ತುಂಬಬೇಕು, ಎಚ್‌ಡಿಯಷ್ಟು ಬರಲ್ಲ ಅಂತ ಗೊತ್ತು. ಆದರೂ ಹಳೆಯ ಸಣ್ಣ ಟಿವಿಯೇ ಚೆನ್ನಾಗಿತ್ತು ಅಲ್ವಾ ಅಂತ ಅಮ್ಮ ಕೇಳಿದಾಗ ತುಂಬಾ ಬೇಜಾರಾಗುತ್ತದೆ.

ಶಾರ್ಪ್‌ನೆಸ್ ಇಳಿಸಿದೆ, ಅಕ್ಷರದ ಸುತ್ತ ಇದ್ದ ಬಿಳಿ ಗೆರೆ ಹೋಯಿತು. ಚಿತ್ರದ ಅಗಲ-ಎತ್ತರದ ಅನುಪಾತ 4:3 ಮಾಡಿದೆ, ಅಗಲಕ್ಕೆ ಎಳೆದಂತಿದ್ದ ಮುಖ ಸರಿಯಾಯಿತು. ಮಸುಕು ಮಾತ್ರ ಹಾಗೇ ಇದೆ.

ಗೊಂದಲ ಇಲ್ಲಿದೆ: ಸೆಟ್‌ಟಾಪ್ ಬಾಕ್ಸ್ ಔಟ್‌ಪುಟ್ 1080ಕ್ಕೆ (ಎಚ್‌ಡಿ ಅಳತೆ) ಇಟ್ಟರೆ ಮೊದಲು ಬಾಕ್ಸ್ ಹಿಗ್ಗಿಸುತ್ತದೆ, ಆಮೇಲೆ ಟಿವಿ ಮತ್ತೊಮ್ಮೆ. 576ಕ್ಕೆ ಇಟ್ಟರೆ ಪೂರ್ತಿ ಕೆಲಸ ಟಿವಿಯದ್ದೇ. ಎರಡನ್ನೂ ಹಾಕಿ ನೋಡಿದವರು ಹೇಳಿ, ಎಸ್‌ಡಿ ಚಾನೆಲ್‌ಗೆ ಯಾವುದು ಇಡಲಿ?